ಬೇನೆಯ ಬೀಗತಿ

ನನ್ನ ಅತ್ತೆ ನನಗೊಂದು ಹೆಸರಿಟ್ಟಿದ್ದಳು. ಬ್ಯಾನಿ ಬೀಗತಿ. ಊರನ್ನೇ ಹೊತ್ತುಕೊಂಡು ಹೋದ ಬೇನೆ ನನ್ನನ್ನು ಮಾತ್ರ ಮುಟ್ಟಲಿಲ್ಲ. ಆದ್ದರಿಂದ ನಾನು ಅದರ ನೆಂಟಳು, ನಾನೇ ಅದನ್ನು ಕರೆತಂದು ಮಣೆ ಹಾಕಿ ಕೂರಿಸಿದವಳು ಎಂದು ಆ ಮಾತಿನ ಅರ್ಥ. ಮೊಮ್ಮಕ್ಕಳೇ, ಆ ಹೆಸರನ್ನು ನಾನು ಹದಿನೈದು ವರ್ಷದ ಹತ್ತಿರ ಹೊತ್ತೆ. ಅದನ್ನು ಹೇಗೆ ಇಳಿಸಿದೆ ಎಂಬುದನ್ನು ನಿಮಗೆ ಬರೆದಿಡುತ್ತೇನೆ. ಬಾಯಿಬಿಟ್ಟು ಹೇಳಲು ನನಗೆ ಈಗಲೂ ನಾಚಿಕೆ. ಅತ್ತೆಯ ಎದುರಿಗೆ ನಾನು ಎಂದೂ ಏಕವಚನದಲ್ಲಿ ಮಾತಾಡಿದವಳಲ್ಲ. ಕಾಗದದ ಮೇಲೆ ಮಾತಾಡುತ್ತೇನೆ. ಹಳ್ಳಿಯ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇದಕ್ಕಾದರೂ ಬರಲಿ.

ನನ್ನ ತವರು ಗೋಕಾಕ ಫಾಲ್ಸಿನ ಹತ್ತಿರದ ಹಳ್ಳಿ. ಅಪ್ಪ ಅಲ್ಲಿಂದ ನಡೆದು ಗಿರಣಿಗೆ ಹೋಗುತ್ತಿದ್ದ. ಕೊಟ್ಟದ್ದು ಮಸಗುಪ್ಪಿಗೆ. ಮನೆಯಲ್ಲಿ ವಿಧವೆ ಅತ್ತೆ, ಅವಳ ಒಬ್ಬನೇ ಮಗ, ಆಮೇಲೆ ನಾನು. ನಾದಿನಿಯನ್ನು ಆಗಲೇ ಮೂಡಲಗಿಗೆ ಕೊಟ್ಟಿದ್ದರು. ದೊಡ್ಡ ಯುದ್ಧ ಮುಗಿಯಲು ಬಂದಿದ್ದ ಆ ವರ್ಷ, ಮಳೆಗಾಲದ ಮೊದಲಿನ ಮಿರಗ ಮಳೆಯ ಹೊತ್ತಿಗೆ, ನಮ್ಮ ಅವ್ವನಿಗೆ ಜ್ವರ ಎಂದು ಸುದ್ದಿ ಬಂತು. ರೊಟ್ಟಿ ಬಡಿಯುವವರಿಲ್ಲವೆಂದು ನಾನು ಹೋದೆ. ಹೋದ ಮೇಲೆ ನನಗೂ ಬಂತು. ಮೈಯ ಎಲುಬೆಲ್ಲ ಯಾರೋ ಮುರಿದ ಹಾಗೆ ನೋವು. ಅದಕ್ಕೇ ಅದನ್ನು ಮುರಕ ಜ್ವರ ಅನ್ನುತ್ತಿದ್ದರು. ನಮ್ಮ ಓಣಿಯ ತುಂಬ ಜನ ಮಲಗಿದ್ದರು. ಯಾರೂ ಸಾಯಲಿಲ್ಲ.

"ಬಿತ್ತೂ ಹೊತ್ತಿಗೆ ಸರಿಯಾಗಿ ಬಂದೈತಿ ನೋಡವ್ವಾ ಜ್ವರಾ, ಗಂಡಸರಿಗಿ ಮಲಗಾಕ ನೆವಾ ಸಿಕ್ತು" ಎಂದು ಅವ್ವ ಹಾಸಿಗೆಯಲ್ಲೇ ನಕ್ಕಿದ್ದಳು. ಕೆಲವು ದಿನ ನರಳಿ ಎದ್ದೆವು. ನಾನು ಗಂಡನ ಮನೆಗೆ ಹೊರಟೆ.

ಅತ್ತೆ ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿದಳು. ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಗಂಟನ್ನು ನೋಡಿದಳು.

"ಗಂಟ ಅಲ್ಲೇ ಬಿಸಲಾಗ ಇಡು. ಅಲ್ಲಿ ಇಲಿ ಬಿದ್ದಿದ್ವೇನ?"

"ಇಲ್ರಿ. ಇಲಿ ಎಲ್ಲಿವರಿ? ಬರೇ ಜ್ವರಾ."

"ನಿನಗೇನ ಗೊತ್ತು? ಮೊದ್ಲ ಜ್ವರಾನ ಬರತೈತಿ."

ಅವಳ ತಲೆಯಲ್ಲಿದ್ದದ್ದು ಪ್ಲೇಗು. ಇದನ್ನೂ ಹೇಳಬೇಕು, ಹೇಳದಿದ್ದರೆ ನನ್ನ ಕೋಪಕ್ಕೆ ತೂಕವಿರುವುದಿಲ್ಲ. ಪ್ಲೇಗು ಮತ್ತೆ ಮತ್ತೆ ಬರುತ್ತಿದ್ದ ಕಾಲದಲ್ಲಿ ಅವಳು ಗಂಡನನ್ನೂ ಎರಡು ಕೂಸುಗಳನ್ನೂ ಕಳೆದುಕೊಂಡಿದ್ದಳು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು ಆಗಿನ ರೂಢಿ. ಮೊದಲ ಸಲ ಅವರು ತಡಮಾಡಿದರು, ಸತ್ತರು. ಮುಂದಿನ ಸಲ ಅವಳು ಉಳಿದ ಮಗನನ್ನೂ ಮಗಳನ್ನೂ ಎತ್ತಿಕೊಂಡು ಎಲ್ಲರಿಗಿಂತ ಮೊದಲು ಹೊಲಕ್ಕೆ ಓಡಿದಳು, ಉಳಿಸಿಕೊಂಡಳು. ಅಂದಿನಿಂದ ಯಾವ ಬೇನೆ ಬಂದರೂ ಅವಳಿಗೆ ಅದು ಪ್ಲೇಗೇ, ಔಷಧ ಎಂದರೆ ಗುಡಿಸಲೇ. ಊರವರೂ ಈ ವಿಷಯದಲ್ಲಿ ಅವಳ ಮಾತು ಕೇಳುತ್ತಿದ್ದರು.

ಹಾಗಾಗಿ ನಾನು ಬಂದ ದಿನವೇ ಅವಳು ಮಗನನ್ನು ಕರೆದುಕೊಂಡು ಹೊಲ ಸೇರಿದಳು. ಮನೆ, ದನ, ಸೆಗಣಿ ನನ್ನ ಪಾಲಿಗೆ. ದಿನಾ ಬೆಳಿಗ್ಗೆ ಬಂದು ಬಾಗಿಲಾಚೆ ನಿಂತು ಕೇಳುವಳು, "ಅಡಕಲ ಸಂದ್ಯಾಗ ನೋಡಿದೇನ? ಮಾಡದಾಗ ನೋಡಿದೇನ?" ನಾನು ಮಡಕೆ ಸರಿಸಿ ಸತ್ತ ಇಲಿ ಹುಡುಕುತ್ತಿದ್ದೆ. ಇಲಿಗಳು ಆರಾಮವಾಗಿ ಓಡಾಡಿಕೊಂಡಿದ್ದವು. ಜೋಳದ ಚೀಲ ಕಡಿಯುತ್ತಿದ್ದವು.

ನನ್ನ ಗಂಡ ದನಕ್ಕೆ ಮೇವು ಬೇಕೆಂದು ನೆವ ಮಾಡಿ ಹೊಲದ ಬದುವಿನವರೆಗೆ ಬರುತ್ತಿದ್ದರು. ನಾನು ಈಚೆ, ಅವರು ಆಚೆ, ನಡುವೆ ಆಗಷ್ಟೇ ಬಿತ್ತಿದ ನೆಲ.

"ಆರಾಮಾದೇನ?" ಎಂದು ಕೂಗುವರು.

"ಆಗೇನ್ರಿ!"

"ಇಲಿ?"

"ಅವೂ ಆರಾಮದಾವ್ರಿ!"

ಅವರು ನಗುವುದು ಅಷ್ಟು ದೂರದಿಂದಲೂ ಕೇಳುತ್ತಿತ್ತು. ನಿಮ್ಮ ಅಜ್ಜನ ಬಗ್ಗೆ ನಿಮಗೆ ಕೊಡಲು ನನ್ನ ಹತ್ತಿರ ಇರುವುದೇ ಇಷ್ಟು. ಒಂದು ಪಟವಿಲ್ಲ. ಆ ನಗೆ ಇದೆ.

ಮಸಗುಪ್ಪಿಗೆ ಮುರಕ ಜ್ವರ ಬಂದದ್ದು ಕಡಿಮೆ. ಫಾಲ್ಸಿನ ಕಡೆ ಹೋಗಿಬರುವ ಒಂದೆರಡು ಮನೆಗೆ ಬಂದು ಹೋಯಿತು. ಅಲ್ಲಿ ಕಂಬಳಿ ಮಾರಲು ಹೋಗಿದ್ದ ನಮ್ಮ ಬಾಜೂ ಮನೆಯ ಕುರುಬರ ಹೆಂಗಸು ಮಲಗಿ ಎದ್ದಳು. ಎಲ್ಲ ತಣ್ಣಗಾದ ಮೇಲೆ ಅತ್ತೆ ಮಗನೊಂದಿಗೆ ಊರೊಳಗೆ ಬಂದಳು, ಯುದ್ಧ ಗೆದ್ದವಳ ಹಾಗೆ. "ನನ್ನ ಮಗಗ ಒಂದು ಸೀನ ಸೈತ ಬರಗೊಟ್ಟಿಲ್ಲ" ಎಂದು ಬಾವಿಕಟ್ಟೆಯಲ್ಲಿ ಹೇಳಿಕೊಂಡಳು. ನಾನು ಬಸುರಾದೆ.

ನವರಾತ್ರಿಯ ಹೊತ್ತಿಗೆ ದೊಡ್ಡ ಬೇನೆ ಬಂತು. ಇದಕ್ಕೆ ಯಾರೂ ಮುರಕ ಜ್ವರ ಅನ್ನಲಿಲ್ಲ. ಮೂಗಿನಲ್ಲಿ ರಕ್ತ, ತುಟಿ ನೀಲಿ, ಉಸಿರು ಒಳಗೆ ಹೋಗಲು ಜಾಗವಿಲ್ಲ. ಮಿರಗದಲ್ಲಿ ಬಂದದ್ದೇ ಬೇರೆ, ಇದೇ ಬೇರೆ ಎಂದು ನಾವೆಲ್ಲ ತಿಳಿದೆವು. ಹೆಸರು ಎರಡು, ಆದ್ದರಿಂದ ಬೇನೆಯೂ ಎರಡು.

ನನ್ನ ಗಂಡ ಮೇವಿನ ಹೊರೆ ಇಳಿಸುತ್ತ ಅಲ್ಲೇ ಕುಸಿದರು. ಅತ್ತೆ ಮತ್ತೆ ಗುಡಿಸಲು ಅಂದಳು. ಉಸಿರಾಡಲಾಗದ ಮಗನನ್ನು ಗಾಡಿಯಲ್ಲಿ ಹಾಕಿ ಹೊಲಕ್ಕೆ ಒಯ್ದಳು, ನನ್ನನ್ನು ಬರಬೇಡ ಎಂದಳು. ಮರುದಿನ ತಾನೇ ಅಲ್ಲಿ ಬಿದ್ದಳು. ಆಗ ನಾನು ಕೇಳದೆ ಹೋದೆ. ಇಬ್ಬರಿಗೂ ನೀರು ಕಾಸಿ ಕುಡಿಸಿದೆ, ಮೈ ಒರೆಸಿದೆ. ಊರಲ್ಲಿ ಎದ್ದು ನಿಲ್ಲುವವರು ಕಡಿಮೆಯಾದಾಗ ಅಕ್ಕಪಕ್ಕದ ಮನೆಗಳಿಗೂ ಕೊಡ ಹೊತ್ತೆ. ಬಸುರಿ ನಾನು ಓಡಾಡುತ್ತಲೇ ಇದ್ದೆ. ನನಗೆ ತಲೆನೋವೂ ಬರಲಿಲ್ಲ.

ಅವರು ಗುಡಿಸಲಲ್ಲೇ ಹೋದರು. ನಮ್ಮಲ್ಲಿ ಸತ್ತವರನ್ನು ಕುಳ್ಳಿರಿಸಿ ಸಮಾಧಿ ಮಾಡುತ್ತಾರೆ. ಅಷ್ಟು ಆಳದ ಕುಣಿ ತೋಡುವ ಶಕ್ತಿ ಆಗ ಯಾರ ರಟ್ಟೆಯಲ್ಲೂ ಉಳಿದಿರಲಿಲ್ಲ. ಅಂಗೈಯಲ್ಲಿ ಲಿಂಗವಿಟ್ಟು, ಹಣೆಗೆ ವಿಭೂತಿ ಹಚ್ಚಿ, ಅವರನ್ನು ಮಲಗಿಸಿಯೇ ಮಣ್ಣು ಮುಚ್ಚಿದರು.

ಅತ್ತೆ ಉಳಿದಳು. ನಾನು ಉಳಿಸಿದೆ ಎಂದೇ ಹೇಳುತ್ತೇನೆ. ಕಣ್ಣು ಬಿಟ್ಟು ಮೊದಲು ಮಗನನ್ನು ಕೇಳಿದಳು. ಹೇಳಿದೆ. ಬಹಳ ಹೊತ್ತು ಅತ್ತು, ಅಳು ನಿಂತ ಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ನೀ ಯಾಕ ಬೀಳಲಿಲ್ಲ?"

"ಗೊತ್ತಿಲ್ರಿ."

"ನನಗ ಗೊತ್ತೈತಿ. ಫಾಲ್ಸಿಂದ ನೀನ ತಂದಿ ಅದನ್ನ. ಬೀಗತಿನ್ನ ಬೀಗರು ಕಡೀತಾರೇನ? ಬ್ಯಾನಿ ಬೀಗತಿ ನೀ."

ಎದ್ದು ಓಡಾಡುವಂತಾದ ಮೇಲೆ ಅದನ್ನೇ ಬಾವಿಕಟ್ಟೆಗೆ ಒಯ್ದಳು. ಪ್ರತಿಯೊಂದು ಮನೆಯಲ್ಲೂ ಹೆಣ ಬಿದ್ದಿತ್ತು. ಜನಕ್ಕೆ ಬೆರಳು ತೋರಿಸಲು ಯಾರಾದರೂ ಬೇಕಿತ್ತು. ಅತ್ತೆ ಬೆರಳಿಗೆ ದಾರಿ ತೋರಿಸಿದಳು. ಕುರುಬರ ಹೆಂಗಸೂ ಬೀಳಲಿಲ್ಲವಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಅವಳು ಕುರಿಯ ಹಿಂದೆ ಅಡವಿಯಲ್ಲಿದ್ದಳು, ಅದಕ್ಕೇ ಉಳಿದಳು ಅಂದುಕೊಂಡರು.

ಯುಗಾದಿ ಕಳೆದು ನಿಮ್ಮ ಅವ್ವ ಹುಟ್ಟಿದಳು. ಕೂಸನ್ನು ನೋಡಲು ಬಂದವರು ನನ್ನ ಕೈಯಿಂದ ಸಕ್ಕರೆ ತೆಗೆದುಕೊಳ್ಳಲಿಲ್ಲ. ನಮ್ಮಲ್ಲಿ ಗಂಡ ಸತ್ತವಳಿಗೆ ಉಡಿಕೆ ಮಾಡಿ ಇನ್ನೊಂದು ಸಂಸಾರ ಕಟ್ಟಿಕೊಡುವ ಪದ್ಧತಿ ಉಂಟು. ಅಪ್ಪ ಎರಡು ಕಡೆ ಕೇಳಿ ನೋಡಿದ. ಎರಡೂ ಕಡೆ ನನಗಿಂತ ಮೊದಲು ಆ ಹೆಸರು ಹೋಗಿ ಮುಟ್ಟಿತ್ತು. ಅಪ್ಪ ಮತ್ತೆ ಆ ಮಾತೆತ್ತಲಿಲ್ಲ. ನಾನು ಸೆರಗನ್ನು ಇನ್ನಷ್ಟು ಮುಂದೆ ಎಳೆದುಕೊಂಡೆ. ಜನರ ಎದುರು ನನ್ನ ದನಿ ಹೊರಡುತ್ತಲೇ ಇರಲಿಲ್ಲ. ಒಳಗೆ ಮಾತ್ರ ಪ್ರತಿ ದಿನ ಒಂದೊಂದು ಮಾತು ಮಸೆದು ಇಡುತ್ತಿದ್ದೆ. ಅತ್ತೆಗೆ ರೊಟ್ಟಿ ನೀಡುವಾಗ, ಅವಳ ಕಾಲು ಒತ್ತುವಾಗ, ಇವಳಿಗೂ ಒಂದು ದಿನ ಬರುತ್ತದೆ ಎಂದುಕೊಳ್ಳುತ್ತಿದ್ದೆ. ಎಲ್ಲಿಂದ ಬರುತ್ತದೋ ಗೊತ್ತಿರಲಿಲ್ಲ.

ನಿಮ್ಮ ಅವ್ವ ಸೀರೆ ಉಡುವ ವಯಸ್ಸಿಗೆ ಬಂದಾಗ ಹುಕ್ಕೇರಿಯಿಂದ ಒಂದು ಮನೆಯವರು ನೋಡಲು ಬಂದರು. ಹುಡುಗನ ತಾಯಿಗೆ ನಿಮ್ಮ ಅವ್ವ ಹಿಡಿಸಿದಳು. ಕೂದಲು ಮುಟ್ಟಿ ನೋಡಿ, "ಎಣ್ಣಿ ಖರ್ಚ ಜಾಸ್ತಿ ಆಕೈತಿ ಬಿಡವ್ವಾ ನಮಗ" ಎಂದು ನಕ್ಕಳು. ಊಟಕ್ಕೆ ಕೂತಾಗ ಅತ್ತೆ ಚಟ್ನಿ ಬಡಿಸುತ್ತ, ಏನೋ ತಮಾಷೆ ಮಾಡುವವಳ ಹಾಗೆ ಹೇಳಿದಳು:

"ಬೀಗತನಾ ಚಲೋ ಕೂಡತೈತ್ರಿ. ನಮ್ಮ ಸೊಸಿಗಿ ಬೀಗತನ ಹೊಸಾದಲ್ಲ. ದೊಡ್ಡ ಬ್ಯಾನಿಗೇ ಬೀಗತಿ ಆದಾಕಿ. ಊರೆಲ್ಲಾ ನುಂಗಿಸಿ ತಾ ಕೂದಲ ಕೊಂಕಲಾರದ ಉಳದ್ಲು."

ಹುಕ್ಕೇರಿಯವಳ ಕೈ ತಾಟಿನಲ್ಲೇ ನಿಂತಿತು. ಸ್ವಾಮಿಗಳನ್ನು ಕೇಳಿ ಹೇಳಿಕಳಿಸುತ್ತೇವೆ ಎಂದು ಹೋದರು. ಏನೂ ಹೇಳಿಕಳಿಸಲಿಲ್ಲ.

ಇದು ಬಾಯಿ ತಪ್ಪಿ ಬಂದ ಮಾತಲ್ಲ. ಮೂಡಲಗಿಯ ನಾದಿನಿಯ ಮಗನಿಗೆ ನಿಮ್ಮ ಅವ್ವನನ್ನು ಕೊಡಬೇಕೆಂಬುದು ಅತ್ತೆಯ ಹಟ. ಹೊಲ ತನ್ನ ಮಗಳ ಮನೆಗೆ ಸೇರಲಿ ಎಂಬ ಲೆಕ್ಕ. ಆ ಗಂಡಸಿಗೆ ಆಗಲೇ ಒಬ್ಬಳು ಹೆಂಡತಿ ಇದ್ದಳು. ಹೊಡೆತ ತಾಳದೆ ತವರಿಗೆ ಓಡಿದ್ದಳು. ನಾನು ಬೇಡವೆಂದೆ. "ಬ್ಯಾನಿ ಬೀಗತಿ ಮಗಳನ್ನ ಮತ್ಯಾರ ಒಯ್ತಾರ? ಅವ ಒಪ್ಪ್ಯಾನಲ್ಲ, ಪುಣ್ಯಾ ಅನ್ನು" ಎಂದಳು ಅತ್ತೆ. ಸುಗ್ಗಿಯ ಮೇಲೆ ಮದುವೆ ಎಂದು ಮೂಡಲಗಿಗೆ ಹೇಳಿಯೂ ಕಳಿಸಿದಳು.

ಆ ಚಳಿಗಾಲದಲ್ಲಿ ಪುಣೆಯ ಕಡೆಯಿಂದ ಒಬ್ಬ ಡಾಕ್ಟರು ಬಂದರು. ದೊಡ್ಡ ಬೇನೆಯ ವರ್ಷ ಯಾವ ಊರಲ್ಲಿ ಏನಾಯಿತು ಎಂದು ಕೇಳುತ್ತ ಹೊರಟವರು. ಅವರಿಗೆ ಕನ್ನಡ ಬಾರದು. ಮಾತು ತಿರುಗಿಸಿ ಹೇಳಲು ಧಾರವಾಡದ ಕಡೆಯ ಮಾಸ್ತರರು ಜೊತೆಗಿದ್ದರು. ಚಾವಡಿಯಲ್ಲಿ ಊರು ಸೇರಿತು. ಹೆಂಗಸರು ಗೋಡೆಯ ಪಕ್ಕ, ನಾನು ಕಂಬದ ಹಿಂದೆ. ಬೇನೆಯ ವಿಷಯದಲ್ಲಿ ದೊಡ್ಡವಳೆಂದು ಅತ್ತೆ ಎಲ್ಲರಿಗಿಂತ ಮುಂದೆ ಕೂತಿದ್ದಳು.

ಮಾಸ್ತರರು ಪುಸ್ತಕದ ಕನ್ನಡದಲ್ಲಿ ಕೇಳಿದರು: "ಮೊದಲನೆಯ ತೆರೆಯಲ್ಲಿ ನಿಮ್ಮ ಊರಿಗೆ ಎಷ್ಟು ತೊಂದರೆಯಾಯಿತು?"

ಜನ ಒಬ್ಬರ ಮುಖ ಒಬ್ಬರು ನೋಡಿದರು. ಹಿರಿಯ ಗೌಡರೊಬ್ಬರು ಕೈಮುಗಿದರು. "ತೆರಿಗಿ ಎಲ್ಲಾ ಕಟ್ಟೇವ್ರಿ ಸಾಹೇಬ್ರ. ಒಬ್ಬರದೂ ಬಾಕಿ ಇಲ್ಲ."

"ತೆರಿಗೆಯಲ್ಲ, ತೆರೆ. ಎರಡನೆಯ ತೆರೆಯ ಬಗ್ಗೆಯೂ ಹೇಳಬೇಕು."

"ಎರಡ್ನೇದೂ ಹಾಕಾಕತ್ತೀರೇನ್ರಿ?" ಎಂದು ಹಿಂದಿನಿಂದ ಯಾರೋ ಕೂಗಿದರು. ಇಬ್ಬರು ಎದ್ದು ಹೊರಟೇಬಿಟ್ಟರು.

ಮಾಸ್ತರರು ಬೆವರಿದರು. "ತೆರೆ ಎಂದರೆ ಹೊಳೆಯ ತೆರೆ! ಬೇನೆ ಹೊಳೆಯ ತೆರೆಯ ಹಾಗೆ ಒಮ್ಮೆ ಬಂದು, ಸರಿದು, ಮತ್ತೊಮ್ಮೆ ಬಂತಲ್ಲ? ಮಳೆಗಾಲದ ಮೊದಲಿಗೆ ಒಮ್ಮೆ, ನವರಾತ್ರಿಗೆ ಒಮ್ಮೆ."

"ಅವು ಎರಡು ಬ್ಯಾರೆ ಬ್ಯಾರೆ ಬ್ಯಾನಿರಿ" ಎಂದಳು ಅತ್ತೆ, ಮಕ್ಕಳಿಗೆ ತಿದ್ದಿ ಹೇಳುವ ಹಾಗೆ. "ಮೊದ್ಲ ಬಂದದ್ದು ಮುರಕ ಜ್ವರಾ. ಆಮ್ಯಾಲ ಬಂದದ್ದು ದೊಡ್ಡ ಬ್ಯಾನಿ."

ಮಾಸ್ತರರು ಅದನ್ನು ಡಾಕ್ಟರಿಗೆ ಹೇಳಿದರು. ಡಾಕ್ಟರು ತಲೆಯಾಡಿಸಿ ಏನೋ ಹೇಳಿದರು. ಮಾಸ್ತರರು ತಿರುಗಿಸಿದರು: "ಎರಡೂ ಒಂದೇ ಬೇನೆ ತಾಯಿ. ಮೊದಲು ಮೆತ್ತಗೆ ಬಂತು, ಆಮೇಲೆ ಉಗ್ರವಾಗಿ ಬಂತು. ಮೊದಲ ಸಲ ಮಲಗಿ ಎದ್ದವರಲ್ಲಿ ಬಹಳ ಜನರನ್ನು ಎರಡನೆಯ ಸಲ ಅದು ಮುಟ್ಟಲಿಲ್ಲ ಎಂದು ಕೆಲವು ಊರುಗಳಲ್ಲಿ ಕೇಳಿದ್ದೇವೆ. ಇಲ್ಲಿಯೂ ಹಾಗೇ ಆಯಿತೇ ಎಂದು ನೋಡಲು ಬಂದದ್ದು."

ಎರಡೂ ಒಂದೇ. ಅಷ್ಟು ವರ್ಷ ಒಬ್ಬರೂ ಹೇಳದ ಮಾತು.

ಅತ್ತೆಗೆ ಇನ್ನೂ ತಿಳಿದಿರಲಿಲ್ಲ. ಅವಳು ಹೆಮ್ಮೆಯಿಂದಲೇ ಇದ್ದಳು. "ಹಂಗಿದ್ರ ಬರಕೋರಿ. ಮೊದ್ಲ ಬಂದಾಗ ನನ್ನ ಮಗಗ ಒಂದು ಸೀನ ಬರಗೊಟ್ಟಿಲ್ಲ ನಾ. ಸೊಸಿ ಜ್ವರಾ ತಗೊಂಡ ಬಂದ್ಲು. ಮುಟ್ಟಗೊಡಲಿಲ್ಲ. ಅವನ್ನ ಹೊಲದ ಗುಡಸಲದಾಗ ಇಟ್ನಿ."

"ಮಗ ಈಗ ಹೇಗಿದ್ದಾರೆ?"

"ದೊಡ್ಡ ಬ್ಯಾನ್ಯಾಗ ಹ್ವಾದ್ನರಿ" ಎಂದಳು ಅತ್ತೆ.

"ಸೊಸೆ?"

ಆಗ ಕುರುಬರ ಹೆಂಗಸು, ಆ ಹೊತ್ತಿಗೆ ಮುದುಕಿಯಾಗಿದ್ದಳು, ಸೊಂಟಕ್ಕೆ ಕೈಯಿಟ್ಟು ಎದ್ದಳು. "ಸೊಸಿ ಅಲ್ಲೇ ಕಂಬದ ಹಿಂದ ಅದಾಳ ನೋಡ್ರಿ. ಮುರಕ ಜ್ವರದಾಗ ಆಕೀನೂ ಬಿದ್ದಾಕಿ, ನಾನೂ ಬಿದ್ದಾಕಿ. ದೊಡ್ಡ ಬ್ಯಾನ್ಯಾಗ ಇಬ್ರಿಗೂ ಏನೂ ಆಗಲಿಲ್ಲ. ನಾ ಕುರಿ ಕಾದಿದ್ದಕ್ಕ ಉಳದೆ ಅಂತಿದ್ರು ಇವರು. ಹಂಗಾರ ನಾನೂ ಬೀಗತಿನ ಅಲ್ಲೇನ ಬೇ?" ಎಂದು ಅತ್ತೆಯ ಕಡೆ ತಿರುಗಿದಳು. "ನನಗ್ಯಾಕ ಹೆಸರ ಇಡಲಿಲ್ಲ? ಬಡಿಗಿ ಐತಿ ನನ್ನ ಕಡೆ ಅಂತನ?"

ಜನ ನಕ್ಕರು. ಆ ನಗೆಯ ನಡುವೆ ನಾನು ಕಂಬದ ಹಿಂದಿನಿಂದ ಈಚೆ ಬಂದೆ. ಡಾಕ್ಟರ ಮುಖ ನೋಡಲಾಗಲಿಲ್ಲ, ನೆಲ ನೋಡಿಕೊಂಡೇ ಕೇಳಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಸಾಹೇಬ್ರ, ಒಂದ ಕೇಳ್ತೇನ್ರಿ. ಅವರನ್ನ ಮನ್ಯಾಗ ಬಿಟ್ಟಿದ್ರ ನನ್ನ ಸಣ್ಣ ಜ್ವರಾ ಅವರಿಗೂ ಹತ್ತತಿತ್ತು. ಹತ್ತಿದ್ರ ಉಳೀತಿದ್ರೇನ್ರಿ?"

ಮಾಸ್ತರರು ಅತ್ತೆಯ ಕಡೆ ನೋಡಿದರು. ಅವರಿಗೆ ನಾನು ಕೇಳಿದ್ದು ಏನೆಂದು ಅರ್ಥವಾಗಿತ್ತು. ಆಮೇಲೆ ಡಾಕ್ಟರಿಗೆ ತಿರುಗಿಸಿ ಹೇಳಿದರು. ಡಾಕ್ಟರು ಅತ್ತೆಯನ್ನೂ ನನ್ನನ್ನೂ ನೋಡಿ ಮೆಲ್ಲಗೆ ಉತ್ತರ ಕೊಟ್ಟರು. ಅದು ಕನ್ನಡದಲ್ಲಿ ಹೀಗೆ ಬಂತು: "ಒಬ್ಬರ ಬಗ್ಗೆ ಹಾಗೆ ಹೇಳಲು ಬರುವುದಿಲ್ಲ. ತುಂಬ ಜನರನ್ನು ಕೂಡಿಸಿ ನೋಡಿದಾಗ ಮಾತ್ರ ಕಾಣುವ ಸಂಗತಿ ಇದು. ನಿಮ್ಮ ಗಂಡ ಉಳಿಯಬಹುದಿತ್ತು. ಉಳಿಯದೆಯೂ ಹೋಗಬಹುದಿತ್ತು."

ಇಡೀ ಊರು ಅದನ್ನು ಕೇಳಿತು. ಮನೆಗೆ ಹೋಗುವಾಗ ಜನರ ಬಾಯಲ್ಲಿ ಉಳಿದದ್ದು ಒಂದೇ ತುಂಡು: ಉಳಿಯಬಹುದಿತ್ತು. ನಾನು ಯಾರನ್ನೂ ತಿದ್ದಲು ಹೋಗಲಿಲ್ಲ. ಹದಿನೈದು ವರ್ಷ ನನ್ನ ಪರವಾಗಿ ಯಾರು ಯಾರನ್ನು ತಿದ್ದಿದ್ದರು?

ಅತ್ತೆ ಆ ದಿನ ಉಣ್ಣಲಿಲ್ಲ. ಮರುದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ ಒಲೆಯ ಆಚೆ ಬಂದು ಕೂತಳು. ನಾನು ಹಿಟ್ಟಿನಿಂದ ಕೈ ತೆಗೆಯದೆ ಹೇಳಿದೆ:

"ಹುಕ್ಕೇರಿಗೆ ಹೋಗೂಣ್ರಿ. ಅವರ ಮನ್ಯಾಗ ಕುಂತು, ನಾ ಆಡಿದ್ದು ಸುಳ್ಳು ಅಂತ ನಿಮ್ಮ ಬಾಯಾರೆ ಹೇಳ್ರಿ."

"ಉಗುಳಿದ್ದನ್ನ ಹೊಳ್ಳಿ ನುಂಗಲ್ಯಾ ನಾ?"

"ನುಂಗಬ್ಯಾಡ್ರಿ. ಎಲ್ಲಿ ಉಗುಳೀರಿ ಅಲ್ಲಿ ಒರಸ್ರಿ."

"ಒಲ್ಲೆ ಅಂದ್ರ?"

"ಬಾವಿಕಟ್ಟಿ ನನಗೂ ಗೊತ್ತೈತ್ರಿ. ನನಗೂ ಹೆಸರ ಇಡಾಕ ಬರತೈತಿ."

ಅವಳು ಒಲೆಯ ಕೊಳ್ಳಿಯನ್ನು ಒಳಗೆ ನೂಕಿದಳು. "ಏನಂತ ಇಡ್ತಿ?"

"ಇಟ್ಟ ಮ್ಯಾಲ ಊರ ಹೇಳತೈತ್ರಿ."

ನಾನು ಯಾವ ಹೆಸರನ್ನೂ ಯೋಚಿಸಿರಲಿಲ್ಲ. ಅವಳಿಗೆ ಮಾತ್ರ ಎಲ್ಲ ಕೇಳಿಸಿತು. ಎರಡು ರೊಟ್ಟಿ ಬೇಯುವಷ್ಟರಲ್ಲಿ, "ಗಾಡಿ ಹೂಡಾಕ ಹೇಳು" ಎಂದಳು.

ಹುಕ್ಕೇರಿಯ ಮನೆಯ ಪಡಸಾಲೆಯಲ್ಲಿ ಅವರು ನಮಗೆ ಕಂಬಳಿ ಹಾಸಿದರು. ಅತ್ತೆ ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಗೋಡೆಗೆ ಹೇಳುವವಳ ಹಾಗೆ ಹೇಳಿದಳು: ಸೊಸೆ ಬೇನೆ ತಂದವಳಲ್ಲ, ಮೊದಲು ಸಣ್ಣದು ಬಂದುಹೋದದ್ದಕ್ಕೆ ಉಳಿದಳು, ದೊಡ್ಡ ಡಾಕ್ಟರೇ ಹೇಳಿದ್ದಾರೆ, ತಾನು ಆಡಿದ್ದು ತಪ್ಪು.

ಹುಡುಗನ ತಾಯಿ ತಲೆ ಓರೆ ಮಾಡಿದಳು. "ಕಿವಿ ಸ್ವಲ್ಪ ಮಂದ ಐತ್ರಿ ನನಗ. ಇನ್ನೊಮ್ಮೆ ಹೇಳ್ರಿ."

ಅತ್ತೆ ಇನ್ನೊಮ್ಮೆ ಹೇಳಿದಳು.

"ಕಡೀ ಮಾತು ಕೇಳಲಿಲ್ರಿ."

"ನಾ ಆಡಿದ್ದು ತಪ್ಪು ಅಂದ್ನಿರಿ!"

"ಹಾಂ, ಈಗ ಕೇಳ್ತು."

ಅವಳ ಕಿವಿ ಎಷ್ಟು ಚುರುಕೆಂದು ನನಗೆ ಗೊತ್ತಿತ್ತು. ಮೊದಲ ಸಲ ಬಂದಾಗ ಅಡಿಗೆಮನೆಯಲ್ಲಿ ನಾವು ಪಿಸುಗುಟ್ಟಿದ್ದೂ ಅವಳಿಗೆ ಕೇಳಿಸಿತ್ತು. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಅಂಥ ಸುಖ ನನಗೆ ಅದಕ್ಕೆ ಮುಂಚೆಯೂ ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿಲ್ಲ. ಸುಗ್ಗಿಯ ಮೇಲೆ ನಿಮ್ಮ ಅವ್ವನ ಮದುವೆ ಆಯಿತು, ಹುಕ್ಕೇರಿಯ ಹುಡುಗನ ಜೊತೆ. ಮೂಡಲಗಿಯಿಂದ ಒಬ್ಬರೂ ಬರಲಿಲ್ಲ. ಬರಲಿಲ್ಲವೆಂದು ನಾನು ಇನ್ನೊಂದು ಸುತ್ತು ಹೋಳಿಗೆ ಬಡಿಸಿದೆ.

ಅತ್ತೆ ಮುಂದೆ ಹಲವು ವರ್ಷ ಬದುಕಿದಳು. ಕಾಲು ಬಿದ್ದುಹೋದ ಮೇಲೆ ಮೂಡಲಗಿಯ ಮಗಳು ಕರೆದುಕೊಂಡು ಹೋಗಲಿಲ್ಲ. ನಾನೇ ಮಾಡಿದೆ. ಹೊತ್ತು ತಪ್ಪಿಸಿ ಊಟ ಕೊಡಲಿಲ್ಲ, ಹಾಸಿಗೆ ಒದ್ದೆ ಬಿಡಲಿಲ್ಲ. ಊರವರು ನನ್ನನ್ನು ಹೊಗಳಿದರು. ಅವಳಿಗೆ ನನ್ನಿಂದ ಬೇಕಾದದ್ದು ಮಾತ್ರ ಅದಾಗಿರಲಿಲ್ಲ. ಚಾವಡಿಯಲ್ಲಿ ಅವಳ ಕಿವಿಗೂ ಉಳಿಯಬಹುದಿತ್ತು ಎಂಬ ಒಂದೇ ತುಂಡು ಬಿದ್ದಿತ್ತು. ಇನ್ನೊಂದು ತುಂಡು ನನ್ನ ಹತ್ತಿರವಿದೆ ಎಂದು ಅವಳಿಗೆ ಅನುಮಾನ.

"ಆ ಡಾಕ್ಟರ ಮತ್ತೇನೋ ಅಂದಿದ್ನಲ್ಲ? ಪೂರಾ ಹೇಳ. ನಾನ ಕೊಂದ್ನೇನ ಅವನ್ನ?" ಎಂದು ಕೇಳುವಳು.

"ಅವರು ಬಂದಾಗ ಕೇಳ್ರಿ" ಎನ್ನುತ್ತಿದ್ದೆ. ಡಾಕ್ಟರು ಮತ್ತೆ ಬರಲಿಲ್ಲ.

ಸಾಯುವ ಹಿಂದಿನ ದಿನವೂ ಕೇಳಿದಳು. ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು, ಹಿಡಿತದಲ್ಲಿ ಬಲವಿರಲಿಲ್ಲ. "ನೀ ಸಾಲಿ ಕಲತಾಕಿ, ನಿನಗ ನೆನಪೈತಿ. ಖರೆ ಹೇಳ."

ನನಗೆ ನೆನಪಿತ್ತು, ಒಂದಕ್ಷರ ಬಿಡದೆ. ನಾನು ಕೈ ಬಿಡಿಸಿಕೊಂಡು, ಅವಳ ತಲೆಯ ಕೆಳಗೆ ತೋಳು ಕೊಟ್ಟು ಎತ್ತಿ, ಬಟ್ಟಲನ್ನು ತುಟಿಗೆ ಹಿಡಿದೆ.

"ಮೊದ್ಲ ಅಂಬಲಿ ಕುಡೀರಿ. ಆರಾಕತ್ತೈತಿ."